ಮಾವನ ಸಿನಿಮಾಕ್ಕೆ ಅಳಿಯನೇ ಡೈರೆಕ್ಟರು!

ಕೊಬ್ಬರಿ ವ್ಯಾಪಾರದ ನಮ್ಮ ಚಿಕ್ಕಪ್ಪನಿಗೆ ತೆಂಗಿನಕಾಯಿ ಅಲ್ಲಾಡಿಸುವ ಸದ್ದು ಬಿಟ್ಟರೆ ಬೇರೆ ಯಾವ ಸಂಗೀತವೂ ತಲೆಗೆ ಹತ್ತದು. ಅಂಥವರು ಹೋದ ವರ್ಷ ಸಂಗೀತಗಾರರೊಬ್ಬರ ಜೀವನವನ್ನು ಸಿನಿಮಾ ಮಾಡಲು ಹೊರಟರು ಅಂದರೆ ನಂಬುತ್ತೀರಾ? ಅದೂ ಯಾರದು? ಸಾಕ್ಷಾತ್ ಹೆಣ್ಣು ಕೊಟ್ಟ ಮಾವನದು! ಮಾವನ ಮೇಲೆ ದೂರು ಹೇಳುವ ಅಳಿಯಂದಿರು ಊರ ತುಂಬ ಇದ್ದಾರೆ, ಸಿನಿಮಾ ತೆಗೆದವರನ್ನು ಕಂಡಿದ್ದೀರಾ?

ಆ ಮಾವನನ್ನು ತುರುವೇಕೆರೆ ಕಡೆ ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಶಿವನ ಮೇಲೆ ಸೊಗಸಾದ ಕೃತಿಗಳನ್ನು ಕಟ್ಟಿ, ಒಂದನ್ನೂ ಬರೆದಿಡದೆ, ಎಲ್ಲವನ್ನೂ ಮಗಳಿಗೆ ಬಾಯಿಪಾಠ ಮಾಡಿಸಿ ಹೋದ ಪುಣ್ಯಾತ್ಮ. ಆ ಮಗಳೇ ನಮ್ಮ ಚಿಕ್ಕಮ್ಮ. ಗಂಟಲಿನ ಆಪರೇಷನ್ ಆದಮೇಲೆ ಡಾಕ್ಟರು ಧಾರಾಳವಾಗಿ ಹಾಡಿ ಅಂದರೂ ಚಿಕ್ಕಮ್ಮ ಒಂದು ಸ್ವರ ಎತ್ತಲಿಲ್ಲ. "ದನಿ ಒಣಗೋಗೈತೆ. ಅಪ್ಪನ ಹಾಡಿಗೆ ಅವಮಾನ ಬ್ಯಾಡ" ಅಂದುಬಿಟ್ಟರು. ಅವರು ಬಾಯಿ ಬಿಡದಿದ್ದರೆ ಮೇಷ್ಟ್ರ ಹಾಡು ಅಲ್ಲಿಗೇ ಮುಗಿದಂತೆ! ಚಿಕ್ಕಪ್ಪನಿಗೆ ಅದೊಂದೇ ಕೊರಗು. ಅದಕ್ಕೇ ಸಿನಿಮಾ.

ಮೇಷ್ಟ್ರ ಪಾತ್ರಕ್ಕೆ ಸಿಕ್ಕಿದವರು ತಿಪಟೂರಿನ ಟೈಲರ್ ಸಾಹೇಬರು. "ಗಡ್ಡ ಸ್ವಂತದ್ದು ಕಣವ್ವ, ಅಂಟಿಸೋ ತಾಪತ್ರಯ ಇಲ್ಲ!" ಅಂದರು ಚಿಕ್ಕಪ್ಪ ನನಗೆ. ಸಾಹೇಬರೂ ಹಣೆಗೆ ವಿಭೂತಿ ಹಚ್ಚಿಸಿಕೊಂಡು, "ಮೇಷ್ಟ್ರ ಜುಬ್ಬ ಹೊಲೀತಿದ್ದೋನೇ ನಾನು. ಅವರ ಥರ ಕೂರೋದು ಗೊತ್ತಿಲ್ವಾ?" ಎಂದು ಚಕ್ಕಳಮಕ್ಕಳ ಹಾಕಿಯೇಬಿಟ್ಟರು. ಕ್ಯಾಮೆರಾ ನನ್ನದು. ಒಳ್ಳೆ ಮೊಬೈಲ್ ಇಟ್ಟುಕೊಂಡ ತಪ್ಪಿಗೆ!

ಹಾಡುವವರು ಯಾರು? ಮೇಷ್ಟ್ರ ಒಂದೇ ಒಂದು ಕೃತಿಯ ಪಲ್ಲವಿ ಮಾತ್ರ ಭಜನೆಯವರಿಗೆ ಬರುತ್ತಿತ್ತು. ಅದನ್ನು ಹಾಡಿಸಿ ಚಿಕ್ಕಪ್ಪ ಪರೀಕ್ಷೆ ಶುರು ಮಾಡಿದರು. ನಮ್ಮ ಕಡೆ ಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಹಾಕಿ, ನೀರೆಲ್ಲ ಇಂಗಿ ಒಳಗೆ ಕೊಬ್ಬರಿ ಗಡಗಡ ಅನ್ನುವವರೆಗೆ ಕಾಯುತ್ತೇವಲ್ಲ, ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತೇವಲ್ಲ, ಗಾಯಕರಿಗೂ ಅದೇ ಕಾನೂನು! ಕಣ್ಣು ಮುಚ್ಚಿ ಕಿವಿ ಕೊಟ್ಟು, "ಊಹ್ಞೂಂ, ಇನ್ನೂ ನೀರು ಆಡ್ತದೆ" ಅನ್ನುವುದು. ಕಾಲೇಜಿನ ಹುಡುಗಿಯೊಬ್ಬಳು ಎಷ್ಟು ಚೆನ್ನಾಗಿ ಹಾಡಿದಳು! "ಇನ್ನೊಂದು ವರ್ಷ ಅಟ್ಟದ ಮ್ಯಾಗಿರಬೇಕು ಕಣವ್ವ" ಅಂದರು. ಪಾಪ, ಆ ಹುಡುಗಿ ಒಮ್ಮೆ ಅಟ್ಟ ನೋಡಿ, ಒಮ್ಮೆ ಇವರನ್ನು ನೋಡಿ, ಚಪ್ಪಲಿ ಕೈಯಲ್ಲೇ ಹಿಡಿದು ಓಡಿದಳು.

ಕೊನೆಗೆ ಗಾಯಕರಿಲ್ಲದೆಯೇ ಶೂಟಿಂಗ್! ಕಾಯಿ ತುಂಬಿದ ಅಟ್ಟದ ಕೆಳಗೆ ಸಾಹೇಬರು ತಂಬೂರಿ ಹಿಡಿದು ಕೂತರು. ಆಕ್ಷನ್ ಅನ್ನಬೇಕಾದ ಕಡೆ ಚಿಕ್ಕಪ್ಪ "ಹ್ಞೂಂ, ಇಳಿಸ್ರಪ್ಪಾ!" ಎಂದು ಕೂಗಿದರು. ಕಟ್ ಅನ್ನುವುದಕ್ಕೆ "ಮೂಟೆ ಕಟ್ರೋ!" ಅಂತ ಮೊದಲೇ ಹೇಳಿಕೊಟ್ಟಿದ್ದರು. ಸಾಹೇಬರು ಬಾಯಿ ಆಡಿಸತೊಡಗಿದರು. ದನಿ ಬೇಕಲ್ಲ? ಚಿಕ್ಕಪ್ಪನೇ ಶುರು ಮಾಡಿದರು! ಅಯ್ಯೋ ಶಿವನೇ, ಅದೇನು ಗಾಯನವೋ, ಹಿತ್ತಲಲ್ಲಿದ್ದ ಎಮ್ಮೆ ಕೂಡ ಎದ್ದು ನಿಂತಿತು. ಪಲ್ಲವಿಯೇನೋ ಹೇಗೋ ಮುಗಿಯಿತು. ಮುಂದಿನದು ಯಾರಿಗೆ ಗೊತ್ತು? ಬಾಯಿಗೆ ಬಂದ ಪದ ಸೇರಿಸಿ ಎಳೆಯತೊಡಗಿದರು.

"ಥೂ, ನಿಲ್ಲಿಸ್ರೀ!" ಅಡುಗೆಮನೆಯಿಂದ ಚಿಕ್ಕಮ್ಮ ಸೌಟು ಹಿಡಿದೇ ಬಂದರು. "ನಮ್ಮಪ್ಪನ ಕೃತೀನ ಹಿಂಗೆ ಕೊಲ್ತೀರಾ? ಅದು ಹಂಗಲ್ಲ!"

"ಮತ್ತೆಂಗೆ?" ಚಿಕ್ಕಪ್ಪ ಕಣ್ಣು ಮುಚ್ಚಿ ಕಿವಿ ಕೊಟ್ಟರು.

"ಹಿಂಗೆ!" ಎಂದು ಚಿಕ್ಕಮ್ಮ ಅನುಪಲ್ಲವಿ ಎತ್ತಿಯೇಬಿಟ್ಟರು. ಒರಟು ದನಿ, ಅಲ್ಲಲ್ಲಿ ಬಿರುಕು. ಆದರೆ ಒಂದು ಸ್ವರ ಆಚೀಚೆ ಆಗಲಿಲ್ಲ. ಸಾಹೇಬರು ಬಾಯಿ ಆಡಿಸುವುದನ್ನೇ ಮರೆತರು. ನನ್ನ ಮೊಬೈಲ್ ಮಾತ್ರ ಓಡುತ್ತಲೇ ಇತ್ತು.

ಒಂದು ಸಾಲು ಮುಗಿಸಿದ ಚಿಕ್ಕಮ್ಮನಿಗೆ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಆಗ ಕಂಡಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಒಣಗೋಗೈತೆ ಅಲ್ವೇನ್ರೀ?" ಅಂದರು.

ಚಿಕ್ಕಪ್ಪ ಇನ್ನೂ ಕಣ್ಣು ಮುಚ್ಚಿ, ಕಿವಿ ಕೊಟ್ಟು ನಿಂತಿದ್ದರು. ಮುಚ್ಚಿದ ಕಣ್ಣಿಂದಲೇ ನೀರು ಇಳಿಯುತ್ತಿತ್ತು.

"ಒಣಗಲಿ ಬುಡೇ. ನಾನು ಕಾಯ್ಕೊಂಡು ಕೂತಿದ್ದು ಇದಕ್ಕೇ ಕಣೇ. ಮುಂದಿಂದು ಹೇಳು."

ಚಿಕ್ಕಮ್ಮ ಸೌಟು ಕೆಳಗಿಟ್ಟು, ಸಾಹೇಬರ ಪಕ್ಕದಲ್ಲಿ ಕೂತು, ಮುಂದಿನದನ್ನು ಹೇಳಿದರು. ಆವತ್ತು ಮೂಟೆ ಕಟ್ರೋ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.