ತುಳು ಬಾರದ ಭಾವ

ನಮ್ಮ ಭಾವನಷ್ಟು ದೊಡ್ಡ ಕಳ್ಳ ಇಡೀ ಬೆಳ್ತಂಗಡಿ ತಾಲೂಕಿನಲ್ಲೇ ಇಲ್ಲ! ಪೊಲೀಸರಿಗೆ ಹೇಳುವ ಹಾಗೂ ಇಲ್ಲ. ಏಕೆಂದರೆ ಅವರು ಕದ್ದದ್ದು ಚಿನ್ನವಲ್ಲ, ನಮ್ಮ ತುಳು.

ಭಾವ ಘಟ್ಟದ ಮೇಲಿನವರು. ಉಜಿರೆಯ ಒಂದು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. ಬೆಳುವಾಯಿಯ ನಮ್ಮ ಅಕ್ಕನನ್ನು ಮದುವೆಯಾದ ಮೇಲೆ ಅವಳ ಬಾಯಿಂದಲೇ ತುಳು ಕಲಿತರು. ಆದರೆ ಹೊರಗೆ ಯಾರಾದರೂ ತುಳುವಿನಲ್ಲಿ ಮಾತಾಡಿಸಲಿ, ಏನೂ ತಿಳಿಯದ ಹಸುಗೂಸಿನ ಮುಖ ಮಾಡಿಬಿಡುತ್ತಾರೆ. ಎಂಥ ನಟನೆ ಅಂತೀರಿ! ಯಕ್ಷಗಾನ ಮೇಳದವರು ಕಂಡಿದ್ದರೆ ಎತ್ತಿಕೊಂಡೇ ಹೋಗುತ್ತಿದ್ದರು.

"ತುಳು ಬರ್ತದೆ ಅಂತ ಹೇಳಿದ್ರೆ ಎಂಥ ನಷ್ಟ ಭಾವ?" ಎಂದು ನಾನೊಮ್ಮೆ ಕೇಳಿದೆ.

"ಗೊತ್ತಾದ್ರೆ ಹುಡುಗರು ನನ್ನೆದುರು ಬಾಯಿ ಬಿಡೋದನ್ನೇ ನಿಲ್ಲಿಸ್ತಾರೆ ಕಣಯ್ಯ. ಅಲ್ಲಿಗೆ ನನ್ನ ಕೆಲಸ ಕೆಟ್ಟಿತು!"

ನಿಜವೇ. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಡುವೆ ವಿಶ್ವಾಸ ಬೆಳೆಯಲೆಂದು ಪ್ರಿನ್ಸಿಪಾಲರು ಸಲಹಾ ಪೆಟ್ಟಿಗೆ ಇಡಿಸಿದ್ದರು. ಅದರಲ್ಲಿ ಬಿದ್ದದ್ದು ಚಾಕಲೇಟಿನ ಸಿಪ್ಪೆ ಮಾತ್ರ. ಭಾವನಿಗೆ ಪೆಟ್ಟಿಗೆ ಯಾಕೆ? "ಇವರ ಪಾಠಕ್ಕೆ ಬೆಂಚು ಕೂಡ ಆಕಳಿಸ್ತದೆ" ಎಂದು ಹುಡುಗರು ಅವರ ಮುಖ ನೋಡಿಕೊಂಡೇ ತುಳುವಿನಲ್ಲಿ ಹೇಳುತ್ತಿದ್ದರು. ಮರುದಿನ ಭಾವ ಬೇಡಿಕೆ-ಪೂರೈಕೆಯ ಪಾಠವನ್ನು ಬೂತಾಯಿ ಮೀನಿನ ರೇಟಿನಿಂದ ಶುರುಮಾಡಿದರು. ಕ್ಲಾಸಿಗೆ ಕ್ಲಾಸೇ ಎದ್ದು ಕೂತಿತು! ಚಾಡಿ ಹೇಳಿದವರು ಯಾರೆಂದು ಹಿಂದಿನ ಬೆಂಚಿನವರು ಮುಂದಿನ ಬೆಂಚಿನವರನ್ನು ವಾರವಿಡೀ ಗುಮಾನಿಯಿಂದ ನೋಡಿದರು.

ಮನೆಯಲ್ಲೂ ಅಷ್ಟೆ. ಅಕ್ಕನನ್ನೂ ನನ್ನನ್ನೂ ಬಿಟ್ಟರೆ ಯಾರಿಗೂ ಗುಟ್ಟು ತಿಳಿಯದು. ಒಮ್ಮೆ ಚಿಕ್ಕಮ್ಮ ಕೋರಿರೊಟ್ಟಿಗೆ ಕೋಳಿಸಾರು ಬಡಿಸುತ್ತಾ, "ಈ ಅಳಿಯನದ್ದು ಹೊಟ್ಟೆಯೋ ಗೋಣಿಚೀಲವೋ?" ಎಂದು ನಗುನಗುತ್ತಲೇ ತುಳುವಿನಲ್ಲಿ ಅಕ್ಕನನ್ನು ಕೇಳಿದರು. ಭಾವ ತಕ್ಷಣ ಬಟ್ಟಲಿಗೆ ಕೈ ಅಡ್ಡ ಹಿಡಿದು, "ಸಾಕು ಅತ್ತೆ" ಎಂದರು. "ಪಾಪ, ಎಷ್ಟು ಸಂಕೋಚ!" ಎಂದು ಚಿಕ್ಕಮ್ಮ ಇನ್ನೆರಡು ಸೌಟು ಸುರಿದರು.

ಮೊನ್ನೆ ಉಜಿರೆಯಿಂದ ಮೂಡುಬಿದಿರೆಯ ಬಸ್ಸು ಹಿಡಿದು ನಾವಿಬ್ಬರೂ ಬೆಳುವಾಯಿಗೆ ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಭಾವನದೇ ಇಬ್ಬರು ವಿದ್ಯಾರ್ಥಿನಿಯರು. "ನಮಸ್ಕಾರ ಸರ್" ಎಂದವರೇ ತಮ್ಮತಮ್ಮಲ್ಲಿ ತುಳುವಿಗೆ ಇಳಿದರು. ಒಬ್ಬಳ ದನಿ ನಡುಗುತ್ತಿತ್ತು.

"ನಾಳೆಯಿಂದ ನಾನು ಕಾಲೇಜಿಗೆ ಬರುವುದಿಲ್ಲ. ಸೆಮಿನಾರಿನಲ್ಲಿ ನನ್ನ ಇಂಗ್ಲಿಷಿಗೆ ಎಲ್ಲರೂ ನಕ್ಕರು. ಈ ಸರ್ ಕೂಡ ನಕ್ಕರು. ಇನ್ನು ಯಾರ ಹತ್ತಿರ ಹೇಳುವುದು?"

ಭಾವನ ಮುಖ ಸುಟ್ಟ ಬದನೆಕಾಯಿಯಾಯಿತು. ಬಾಯಿ ತೆರೆದರೆ ಇಷ್ಟು ವರ್ಷದ ಗುಟ್ಟು ರಟ್ಟು. ಕದ್ದು ಕೇಳಿದ ಮೇಷ್ಟ್ರನ್ನು ಮತ್ತೆ ಯಾರು ನಂಬುತ್ತಾರೆ? ಸುಮ್ಮನಿದ್ದರೆ ಹುಡುಗಿಯ ಓದು ಹೋಯಿತು. ಬೇಡ ಬೇಡವೆಂದು ನಾನು ಕಣ್ಣುಸನ್ನೆ ಮಾಡಿದೆ. ಅವರು ಕೇಳಬೇಕಲ್ಲ! ಓಡುವ ಬಸ್ಸಿನಲ್ಲಿ ಎದ್ದು, ಕಂಬಿ ಹಿಡಿದು ಹಿಂದಕ್ಕೆ ತಿರುಗಿದರು.

"ತಪ್ಪಾಂಡ್ ಮಗಾ. ಪೋಡಿಯಡ, ಯಾನ್ ಉಂಡು."

ತಪ್ಪಾಯಿತು, ಹೆದರಬೇಡ, ನಾನಿದ್ದೇನೆ ಎನ್ನಲು ಹೊರಟದ್ದು. ಆದರೆ ತುಳುವಿನಲ್ಲಿ 'ಉಂಡು' ಎನ್ನುವುದು ಕೊಡೆ, ಕುರ್ಚಿಗಳಿಗೆ! ಕಂಡಕ್ಟರನಿಂದ ಹಿಡಿದು ಬಸ್ಸಿಗೆ ಬಸ್ಸೇ ಗೊಳ್ಳೆಂದು ನಕ್ಕಿತು.

ಆ ಹುಡುಗಿ ಮಾತ್ರ ನಗಲಿಲ್ಲ. ಬೆಚ್ಚಿದ್ದವಳು ಮೆಲ್ಲಗೆ ಕಣ್ಣೊರೆಸಿಕೊಂಡಳು.

"ಹಾಗಲ್ಲ ಸರ್. 'ಯಾನ್ ಉಳ್ಳೆ' ಅಂತ ಹೇಳ್ಬೇಕು."

"ಯಾನ್ ಉಳ್ಳೆ." ಭಾವ ಒಂದನೇ ಕ್ಲಾಸಿನ ಮಗುವಿನ ಹಾಗೆ ಒಪ್ಪಿಸಿದರು. "ಈಗ ಸರೀನಾ? ನಾಳೆ ಬರ್ತೀಯಾ?"

ಅವಳು ಭಾವನ ಮುಖವನ್ನೇ ನೋಡಿ, ಮೊದಲ ಸಲ ಅವರಿಗೆಂದೇ ತುಳುವಿನಲ್ಲಿ ಹೇಳಿದಳು:

"ಬರ್ಪೆ ಸರ್."