ಹದಿನೈದು ಕೋಟು ಗುಂಡಿಯ ಕೀಬೋರ್ಡು

ಪದ್ಮಿನೀ, ನಾನಮ್ಮ, ಗೂಡ್ಸ್ ಶೆಡ್ ರೋಡಿನ ಟೈಲರ್ ರಂಗಧಾಮ. ನಿನ್ನ ಮೆಸೇಜು ನೋಡ್ದೆ. ಭಾನುವಾರ ಬೆಳಗ್ಗೆ ಬಳ್ಳಾರೀಲಿ ಕೂತು ಕಾಫಿ ಕುಡೀತಿದ್ದಾಗ ಬಲಗೈ ತಾನಾಗೇ ಕುಣಿದು, ಲೋಟ ಬಿದ್ದು, ಸೀರೆ ಹಾಳಾಯ್ತು, ನರದ ಡಾಕ್ಟರ್ ಹತ್ರ ಹೋಗ್ತಿದ್ದೀನಿ ಅಂತ ಬರೆದಿದ್ದೀಯ. ಹೋಗ್ಬೇಡ! ನಿನ್ನ ಕೈಗೆ ಯಾವ ರೋಗಾನೂ ಇಲ್ಲ. ನಮ್ಮ ರೇಡಿಯೋ ರಿಪೇರಿ ವೃಷಭೇಂದ್ರ ಹೊಸ ಮಷೀನು ಮಾಡಿದ್ದಾನೆ, ಅಷ್ಟೇ. ನಂಗೆ ಟೈಪ್ ಮಾಡೋಕೆ ಬರಲ್ಲ, ಅದಕ್ಕೇ ಬಾಯಲ್ಲಿ ಹೇಳಿ ಕಳಿಸ್ತಿದ್ದೀನಿ. ಉದ್ದ ಆಗತ್ತೆ, ಕೂತ್ಕೊಂಡು ಕೇಳು.

ಭಾನುವಾರ ಹತ್ತೂವರೆ ಗಂಟೆಗೆ ನಿಮ್ಮ ಟೈಪಿಂಗ್ ಟೀಚರ್ ರೋಸಲಿನ್ ಮಿಸ್ ಮನೆ ಹಾಲಲ್ಲಿ ವೃಷಭೇಂದ್ರ ಮದುಮಗನ ಥರ ನಿಂತಿದ್ದ. ಎದುರಿಗೆ ಸ್ಟೂಲು, ಸ್ಟೂಲಿನ ಮೇಲೆ ಏನೋ ಒಂದು, ಅದರ ಮೇಲೆ ಟವೆಲ್ಲು. ಪಕ್ಕದಲ್ಲಿ ಗಾಲಿ ಕುರ್ಚೀಲಿ ಮಿಸ್ಸು.

"ರಂಗಧಾಮ, ಟವೆಲ್ ತೆಗಿ" ಅಂದ.

"ನೀನೇ ತೆಗಿಯೋ, ನಿಂಗೇನು ಕೈ ಇಲ್ವ?"

"ಇಂಥಾದ್ದನ್ನ ಇನ್ನೊಬ್ಬರು ತೆಗೀಬೇಕಯ್ಯ, ಅದೇ ಮರ್ಯಾದೆ!"

ತೆಗೆದೆ. ನೋಡಿದ್ರೆ ಅಂಗೈ ಅಗಲದ ಒಂದು ಹಲಗೆ, ಅದರ ಮೇಲೆ ನನ್ನ ಅಂಗಡಿಯ ಹದಿನೈದು ಕೋಟು ಗುಂಡಿ! ನಾಲ್ಕು ತೂತಿನವು, ಕರೀವು. ಎರಡು ತಿಂಗಳಿಂದ ನನ್ನ ಡಬ್ಬೀಲಿ ಗುಂಡಿ ಕಮ್ಮಿ ಆಗ್ತಿದ್ದದ್ದಕ್ಕೆ ನಮ್ಮ ಲೋಲಾಕ್ಷೀನ ಬೈದಿದ್ದೆ, ಪಾಪ.

"ಕೀಬೋರ್ಡು" ಅಂದ. "ವೈರ್ ಇಲ್ಲ!"

"ಅರ್ಧಾನೂ ಇಲ್ವಲ್ಲೋ!"

"ಅರ್ಧ ಸಾಕು. ಮಿಸ್‌ಗಿರೋದು ಒಂದೇ ಕೈ."

ನೀನು ಊರು ಬಿಟ್ಟು ಇಪ್ಪತ್ತು ವರ್ಷ ಆಯ್ತು, ನಿಂಗೆ ಗೊತ್ತಿಲ್ಲ. ಏಳು ತಿಂಗಳ ಹಿಂದೆ ಮಿಸ್‌ಗೆ ಲಕ್ವ ಹೊಡೀತು. ಬಲಗೈ ಹೋಯ್ತು, ಮಾತು ಹೋಯ್ತು. ಬಾಯಿಂದ ಬರೋದು "ಹೂಂ" ಒಂದೇ, ಬೇಕು ಅಂದ್ರೂ ಹೂಂ, ಬೇಡ ಅಂದ್ರೂ ಹೂಂ. ಕೆ.ಜಿ.ಎಫ್‌ನಲ್ಲಿ ತಂಗಿ ಮಗಳು ಗ್ಲಾಡಿಸ್ ಇದ್ದಾಳಲ್ಲ, ಒಳ್ಳೇ ಹುಡುಗಿ, ಅವಳು ಬಂದು "ಆಂಟಿ, ನಮ್ಮನೆಗೆ ಬಂದುಬಿಡ್ತೀರಾ?" ಅಂತ ಕೇಳಿದ್ಲು. ಮಿಸ್ಸು ಗೋಡೆ ಕಡೆ ಮುಖ ತಿರುಗಿಸಿ "ಹೂಂ" ಅಂದ್ರು. ಅವಳು ಒಪ್ಪಿಗೆ ಅಂತ ತಿಳ್ಕೊಂಡ್ಲು. ಸಾಮಾನು ಕಟ್ಟಿದ್ದೂ ಆಯ್ತು. ಇದೇ ಭಾನುವಾರ ಹನ್ನೊಂದಕ್ಕೆ ಕಾರು ಬರೋದು, ಮಿಸ್‌ನ ಕೂರಿಸಿಕೊಂಡು ಹೋಗೋದು. ಹೋಗೋಕೆ ಮನಸ್ಸಿದ್ಯೋ ಇಲ್ವೋ, ಯಾರಿಗೆ ಗೊತ್ತು?

ಸ್ಲೇಟು ಕೊಟ್ಟು ಎಡಗೈಲಿ ಬರೀರಿ ಅಂದ್ವಿ. ಎರಡಕ್ಷರ ಬರೆದ್ರು, ಸೊಟ್ಟಗೆ ಬಂತು, ಸ್ಲೇಟು ಎಸೆದ್ರು. ಫೋನ್ ಕೊಟ್ಟು ಒಂದೇ ಬೆರಳಲ್ಲಿ ಒತ್ತಿ ಅಂದ್ವಿ. ಅಯ್ಯೋ, ಆ ನೋಟ ನೀನು ನೋಡಬೇಕಿತ್ತು! ಒಂದೇ ಬೆರಳಲ್ಲಿ ಒತ್ತಿದ ತಪ್ಪಿಗೆ ಈ ವೃಷಭೇಂದ್ರನ್ನ ಟೈಪಿಂಗ್ ಜೂನಿಯರ್ ಪರೀಕ್ಷೇಲಿ ಮೂರು ಸಲ ಫೇಲ್ ಮಾಡಿದ್ದು ಇದೇ ಮಿಸ್ಸಲ್ವೇನಮ್ಮ? ಕೀಲಿ ನೋಡಿ ಹೊಡೀತಾನೆ ಅಂತ ಅವನೊಬ್ಬನಿಗೋಸ್ಕರ ನನ್ನ ಹತ್ರ ಕರೀ ಬಟ್ಟೆ ಹೊದಿಕೆ ಹೊಲಿಸಿದ್ರು. ಆದ್ರೂ ಅವನು ಬಟ್ಟೆ ಒಳಗೆ ಬಗ್ಗಿ ನೋಡ್ತಿದ್ದ!

ಅಂಥವನು ಈಗ ಮಿಸ್‌ಗೆ ಕೀಬೋರ್ಡ್ ಮಾಡ್ತೀನಿ ಅಂತ ಹೊರಟ. ರೇಡಿಯೋ ರಿಪೇರಿ ಅಂಗಡಿ ಬಾಗಿಲು ಹಾಕಿ ಎರಡು ತಿಂಗಳು ಅದೇ ಧ್ಯಾನ. ಬೆಂಗಳೂರಿಂದ ಪಾರ್ಸಲಿನಲ್ಲಿ ಸ್ವಿಚ್ಚು ತರಿಸಿದ. ಕೆಂಪು ಕಾಲಿನದು ಮೆತ್ತಗೆ ಹೋಗತ್ತಂತೆ, ಕಂದು ಕಾಲಿನದು ಮಧ್ಯದಲ್ಲಿ ಒಂದು ಸಲ ತಡೆಯತ್ತಂತೆ, ನೀಲಿಯದು ಟಿಕ್ ಅನ್ನತ್ತಂತೆ. ಎಲ್ಲಾನೂ ಮಿಸ್ ಮುಂದೆ ಸಾಲಾಗಿ ಇಡೋದು, ಅವರು ಎಡಗೈ ಬೆರಳಲ್ಲಿ ಒಂದೊಂದಾಗಿ ಒತ್ತೋದು, ಮೂಗು ಮುರಿಯೋದು. ಮದುವೆಗೆ ಸೀರೆ ಆರಿಸೋ ಹೆಂಗಸ್ರೂ ಇಷ್ಟು ಸತಾಯಿಸಲ್ಲ! ಕೊನೆಗೆ ಮಿಸ್‌ನ ಹಳೇ ಟೈಪಿಂಗ್ ಇನ್‌ಸ್ಟಿಟ್ಯೂಟಿನ ನಾಲ್ಕನೇ ನಂಬರ್ ಟೈಪ್‌ರೈಟರಿನ ಸ್ಪ್ರಿಂಗು ಬಿಚ್ಚಿ ಕತ್ತರಿಸಿ ಸ್ವಿಚ್ಚೊಳಗೆ ತುರುಕಿದ. ಸವೆಯದೇ ಇರ್ಲಿ ಅಂತ ನನ್ನ ಹೊಲಿಗೆ ಮಷೀನಿನ ಎಣ್ಣೆ, ಸದ್ದು ಗೊಗ್ಗರಾಗದೇ ಇರ್ಲಿ ಅಂತ ಹಲಗೆ ಕೆಳಗೆ ನಾನು ಕಾಲರಿನೊಳಗೆ ಇಟ್ಟು ಹೊಲಿಯೋ ದಪ್ಪ ಬಕ್ರಂ ಬಟ್ಟೆ. ಮಿಸ್ಸು ಒತ್ತಿದ್ರು. ಟಕ್! ಏಳು ತಿಂಗಳಲ್ಲಿ ಮೊದಲನೇ ಸಲ ಅವರ ಹುಬ್ಬು ಕೆಳಗಿಳೀತು.

"ಎಡಗೈದಾಯ್ತು, ಬಲಗೈ ಅಕ್ಷರಗಳು?" ಅಂದೆ.

"ಅಲ್ಲೇ ಇರೋದು ಮಜಾ!" ಅಂತ ಮಿಸ್‌ನ ಬಲ ಮೊಣಕೈಗೆ ಒಂದು ಪಟ್ಟಿ ಸುತ್ತಿದ. ಅದನ್ನೂ ನಾನೇ ಹೊಲಿದಿದ್ದು, ಬಿ.ಪಿ. ನೋಡೋ ಪಟ್ಟಿ ಅಂತ ಸುಳ್ಳು ಹೇಳಿ ಹೊಲಿಸಿದ್ದ. "ಮಿಸ್ ತಲೆ ಈಗಲೂ ಬಲಗೈಗೆ ಹುಕುಂ ಕಳಿಸ್ತಾನೇ ಇದೆ ಕಣೋ. ಬೆರಳು ಕೇಳ್ತಿಲ್ಲ ಅಷ್ಟೇ. ಈ ಪಟ್ಟಿ ಆ ಹುಕುಮ್ಮನ್ನ ಹಿಡಿದು ಗಾಳೀಲಿ ಬಿಡತ್ತೆ. ಅಲ್ನೋಡು, ಆ ಟಿಫಿನ್ ಡಬ್ಬಿ! ಅದರೊಳಗೆ ಉಳಿದರ್ಧ ಕೀಬೋರ್ಡು ಇದೆ, ಕಬ್ಬಿಣದ ಬೆರಳುಗಳಿವೆ. ಹುಕುಂ ಅಲ್ಲಿಗೆ ಹೋಗತ್ತೆ, ಬೆರಳು ಹೊಡೆಯತ್ತೆ, ಎರಡೂ ಸೇರಿ ಟಿ.ವಿ. ಮೇಲೆ ಬರತ್ತೆ."

"ಹುಕುಂ ಡಬ್ಬಿಗೇ ಹೋಗತ್ತೆ ಅಂತ ಏನು ಗ್ಯಾರಂಟಿ?"

"ಪೆದ್ದ ಪ್ರಶ್ನೆ! ಎರಡೂ ಗುರುತು ಹಿಡೀಲಿ ಅಂತ ಒಂದು ತಾಳ ಇಟ್ಟಿದ್ದೀನಿ. ಯಾವುದು ಆ ತಾಳಕ್ಕೆ ಓಗೊಡತ್ತೋ ಅದೇ ಜೋಡಿ."

"ಯಾವ ತಾಳವೋ?"

ಅವನು ಎದೆ ಉಬ್ಬಿಸಿ, ಗೋಡೆಗೆ ಒರಗಿಸಿದ್ದ ಮಿಸ್‌ನ ಹಳೇ ಮರದ ರೂಲು ದೊಣ್ಣೆ ತೋರಿಸಿದ. ಮೇಜಿಗೆ ಕುಟ್ಟಿ ಕುಟ್ಟಿ ನಿಮಗೆಲ್ಲ ಟೈಪಿಂಗ್ ಕಲಿಸಿದ್ರಲ್ಲ, ಅದೇ ರೂಲು. ಎ ಎಸ್ ಡಿ ಎಫ್ ಜಿ ಎಫ್, ಟಕ್! ಸೆಮಿಕೋಲನ್ ಎಲ್ ಕೆ ಜೆ ಹೆಚ್ ಜೆ, ಟಕ್! ಆ ಸದ್ದಿಗೆ ಓಗೊಡೋ ಕೈಗಳು ಈ ಬೀದೀಲಿ ಮನೆಗೊಂದಿವೆ ಅನ್ನೋದು ಆ ಮಹಾನುಭಾವನಿಗೆ ಹೊಳೀಲೇ ಇಲ್ಲ ನೋಡು!

ಬಟನ್ ಒತ್ತಿದ. ಮಿಸ್ಸು ಬೆನ್ನು ನೆಟ್ಟಗೆ ಮಾಡಿ, ಎಡಗೈ ನಾಲ್ಕು ಬೆರಳನ್ನ ನನ್ನ ಗುಂಡಿಗಳ ಮೇಲಿಟ್ಟು, ಕಣ್ಣು ಎತ್ತಿ ಗೋಡೆ ನೋಡಿದ್ರು. ಕೀಲಿ ನೋಡೋ ಜಾತಿ ಅಲ್ಲ ಅವರು. ಹೊಡೆಯೋಕೆ ಶುರು ಮಾಡಿದ್ರು.

ಟಿಫಿನ್ ಡಬ್ಬಿ ಗಪ್‌ಚಿಪ್!

ಟಿ.ವಿ. ಮೂಲೇಲಿ 'ಜೋಡಿ: 1' ಅಂತ ಬಂತು. ಅದೇ ಹೊತ್ತಿಗೆ ಎದುರು ಮನೆಯಿಂದ, ಅಂದ್ರೆ ನಮ್ಮನೆಯಿಂದ, ಲೋಲಾಕ್ಷಿ ಕಿರುಚಿದ್ಲು. "ರೀ! ಬನ್ರೀ! ನನ್ನ ಕೈ ನನ್ನ ಮಾತು ಕೇಳ್ತಿಲ್ಲ!"

ಓಡಿದೆ. ಅಡಿಗೆಮನೇಲಿ ಪರಾತದ ತುಂಬ ಚಪಾತಿ ಹಿಟ್ಟು. ಅವಳ ಎಡಗೈ ತೆಪ್ಪಗಿದೆ. ಬಲಗೈ ಮಾತ್ರ ಹಿಟ್ಟಿನ ಮೇಲೆ ಟಪಟಪ ಟಪಟಪ ಹೊಡೀತಾ ಇದೆ! ಹಿಟ್ಟಿನ ತುಂಬ ಬೆರಳಿನ ಗುಳಿ. ಅವಳು ಮಿಸ್ ಹತ್ರ ಸೀನಿಯರ್ ಫಸ್ಟ್ ಕ್ಲಾಸ್, ನಿಂಗೆ ಗೊತ್ತಲ್ಲ. ನಲವತ್ತು ವರ್ಷ ಆಯ್ತು ಮಷೀನ್ ಮುಟ್ಟಿ. ಆದ್ರೂ ಏನು ಸ್ಪೀಡಮ್ಮಾ ಅದು! ನಾನು ನಿಂತು ನೋಡಿಬಿಟ್ಟೆ.

"ನೋಡ್ತಾ ನಿಂತಿದ್ದೀರಲ್ಲ, ಹಿಡ್ಕೊಳ್ರೀ ಕೈನ!"

ಹಿಡ್ಕೊಂಡೆ. ನನ್ನ ಮುಂಗೈ ಮೇಲೇ ಟೈಪ್ ಮಾಡಿದ್ಲು.

ಹಾಗೇ ಕೈ ಹಿಡ್ಕೊಂಡು ಬೀದಿಗೆ ಬಂದ್ರೆ ಬೀದಿ ತುಂಬ ಗಲಾಟೆ. ಸಲೂನ್ ಮುನಿಕೃಷ್ಣ ಬಲಗೈಯನ್ನ ಕಂಕುಳಲ್ಲಿ ಅಮುಕಿಕೊಂಡು ಓಡಿ ಬಂದ. ಅವನ ಹಿಂದೆ ಮುಖದ ತುಂಬ ಸೋಪಿನ ನೊರೆ, ಬಲಗಡೆ ಮೀಸೆ ಖಾಲಿ, ಲಾಯರ್ ಸದಾಶಿವಯ್ಯ. "ಕೇಸು ಹಾಕ್ತೀನಿ!" ಅಂತ ಕೂಗ್ತಾ ಇದ್ದಾನೆ, ಆದ್ರೆ ಅವನ ಬಲಗೈಯೂ ಟವೆಲಿನ ಮೇಲೆ ಟೈಪ್ ಮಾಡ್ತಾ ಇದೆ! ಅವನೂ ಮಿಸ್ ಶಿಷ್ಯನೇ ತಾನೆ? ಶನಿದೇವರ ಗುಡಿ ಪೂಜಾರಪ್ಪ ಮಂಗಳಾರತಿ ಗಂಟೆ ನಿಲ್ಲಿಸೋಕಾಗದೆ ಗಂಟೆ ಸಮೇತ ಬಂದ.

ಎಲ್ರೂ ಮಿಸ್ ಮನೆಗೇ ನುಗ್ಗಿದ್ರು. ಟಿ.ವಿ. ಮೇಲೆ 'ಜೋಡಿ: 41'. ಅದರ ಕೆಳಗೆ ಅಕ್ಷರಗಳ ಜಾತ್ರೆ. ಮಿಸ್ಸು ಎಡಗೈಲಿ ಒಂದಕ್ಷರ ಹೊಡೆದ್ರೆ, ಬಲಗೈ ಅಕ್ಷರ ನಲವತ್ತೊಂದು ಸಲ ಬೀಳ್ತಿದೆ! ಒಬ್ಬ ಮುಂದೆ, ಒಬ್ಬ ಹಿಂದೆ, ಒಬ್ಬಳು ಹಿಟ್ಟಿನ ಕೈಲಿ. ಬರೀ ಜೆ, ಕೆ, ಎಲ್ಲು, ಸಾಲು ಸಾಲು. ಒಂದು ಪದಾನೂ ಇಲ್ಲ.

"ಮೊದಲು ಆರಿಸೋ ಅದನ್ನ!" ಅಂತ ಮುನಿಕೃಷ್ಣ.

"ಆರಿಸ್ತೀನಿ, ಆರಿಸ್ತೀನಿ!" ವೃಷಭೇಂದ್ರನ ಬಣ್ಣ ಇಳಿದುಹೋಗಿತ್ತು. ಮಷೀನಿನ ಸೆಲ್ ಕೀಳೋಕೆ ಎಡಗೈ ಚಾಚಿದ, ಯಾಕಂದ್ರೆ ಅವನ ಬಲಗೈಯೂ ಗಾಳೀಲಿ ಕುಣೀತಿತ್ತು. ಫೇಲಾದ ಕೈಯನ್ನೂ ಬಿಟ್ಟಿರ್ಲಿಲ್ಲ ಅದು.

ಅಷ್ಟರಲ್ಲಿ ಹೊರಗೆ ಕಾರಿನ ಹಾರನ್ನು. ಗ್ಲಾಡಿಸ್ ಒಳಗೆ ಬಂದು, ಈ ಗಲಾಟೆ ನೋಡಿ ಬಾಗಿಲಲ್ಲೇ ನಿಂತುಬಿಟ್ಲು. "ಏನಿದು? ಆಂಟಿಗೆ ಏನು ಮಾಡ್ತಿದ್ದೀರಿ ಎಲ್ಲ ಸೇರ್ಕೊಂಡು? ತೆಗೀರಿ ಆ ಪಟ್ಟೀನ! ಆಂಟಿ, ಹೊರಡೋಣ್ವಾ?"

ನಾನು ಮಿಸ್ ಮುಖ ನೋಡ್ದೆ ಪದ್ಮಿನಿ. ನಾನು ಅಳೋ ಗಿರಾಕಿ ಅಲ್ಲ, ನಿಂಗೆ ಗೊತ್ತು. ಗೋಡೆ ಕಡೆ ತಿರುಗಿಸ್ತಿದ್ರಲ್ಲ, ಆ ಮುಖ ಅಲ್ಲ ಅದು. ಪರೀಕ್ಷೆ ದಿನದ ಮುಖ. ಎಡಗೈ ಚಾಚಿದ್ರು. ಯಾರಿಗೂ ಅರ್ಥ ಆಗ್ಲಿಲ್ಲ. ನಂಗಾಯ್ತು. ರೂಲು ದೊಣ್ಣೆ ತಂದು ಕೈಗೆ ಕೊಟ್ಟೆ.

ಸ್ಟೂಲಿಗೆ ಕುಟ್ಟಿದ್ರು ನೋಡು. ಟಕ್!

ಗದ್ದಲ ಅಲ್ಲೇ ನಿಂತುಹೋಯ್ತು!

ಟಕ್! ಸದಾಶಿವಯ್ಯ ನೊರೆ ಮುಖದಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಟಕ್! ಲೋಲಾಕ್ಷಿ ಕೂತ್ಲು, ಪೂಜಾರಪ್ಪ ಗಂಟೆ ಕೆಳಗಿಟ್ಟು ಕೂತ. ಹಾಲಲ್ಲಿ ಜಾಗ ಸಾಲದೆ ಜಗಲಿ ಮೇಲೆ, ಮೆಟ್ಟಿಲ ಮೇಲೆ, ಬೀದೀಲಿ ಸಾಲಾಗಿ ಕೂತ್ರು. ಅರವತ್ತು, ಎಪ್ಪತ್ತು ವಯಸ್ಸಿನ ಮಕ್ಕಳು! ಎಲ್ಲರ ಬೆನ್ನೂ ನೆಟ್ಟಗೆ, ಎಲ್ಲರ ಕಣ್ಣೂ ಗೋಡೆ ಮೇಲೆ. ಒಬ್ಬನೇ ಒಬ್ಬ ತನ್ನ ಬೆರಳು ನೋಡ್ಕೊಂಡು ಕೂತಿದ್ದ, ಯಾರು ಅಂತ ಹೇಳಬೇಕಾಗಿಲ್ಲ.

ಮಿಸ್ಸು ರೂಲನ್ನ ನನ್ನ ಕೈಗೆ ಕೊಟ್ಟು, ತಾಳ ಹಾಕು ಅಂತ ಕಣ್ಣಲ್ಲೇ ಹೇಳಿದ್ರು. ಹೊಲಿಗೆ ಮಷೀನು ತುಳಿದ ಕಾಲು ನಂದು, ತಾಳ ತಪ್ಪಲ್ಲ. ಕುಟ್ಟಿದೆ. ಮಿಸ್‌ನ ಎಡಗೈ ಹೊಡೀತು. ನಲವತ್ತು ಬಲಗೈ, ನೆಲಕ್ಕೆ, ಜಗಲಿಗೆ, ಮೆಟ್ಟಿಲಿಗೆ, ಒಟ್ಟಿಗೇ ಬಿತ್ತು. ಏಕ್ದಂ ಒಂದೇ ಏಟು! ಗಾಡಿ ಹಳಿ ಬದಲಾಯಿಸ್ದಾಗ ನಮ್ಮ ಬೀದಿ ಹೇಗೆ ನಡುಗತ್ತೆ, ಹಾಗೆ ನಡುಗ್ತು. ಟಿ.ವಿ. ಮೇಲೆ ನಲವತ್ತೊಂದು ಅಕ್ಷರ ಬೀಳೋ ಕಡೆ ಒಂದಕ್ಷರ ಬಂತು. ಆಮೇಲೆ ಇನ್ನೊಂದು. ಇಂಗ್ಲಿಷು. ನಂಗೆ ಓದೋಕೆ ಬರಲ್ಲ, ಆದ್ರೆ ಪದ ಅಂತ ಗೊತ್ತಾಯ್ತು.

ಏನು ಹೊಡೆದ್ರು ಅಂತೀಯ? ಮೊದಲು ತಾರೀಖು! ಬಲಗಡೆ ಮೂಲೇಲಿ! ಆಮೇಲೆ ಇಂದ, ಇವರಿಗೆ, ಮಾನ್ಯರೇ, ವಿಷಯ! ಹೊರಗೆ ಕಾರಿನ ಡ್ರೈವರು ಹಾರನ್ ಮೇಲೆ ಹಾರನ್ ಹೊಡೀತಿದ್ದಾನೆ, ಇವರು ಮಾರ್ಜಿನ್ ಬಿಡ್ತಿದ್ದಾರೆ!

ಗ್ಲಾಡಿಸ್ ನಿಧಾನಕ್ಕೆ ಟಿ.ವಿ. ಹತ್ರ ಬಂದು, ಒಂದೊಂದೇ ಸಾಲು ಓದಿ ನಮಗೆ ಕನ್ನಡದಲ್ಲಿ ಹೇಳಿದ್ಲು.

"ಗ್ಲಾಡಿಸ್, ನಿಂಗೆ ನನ್ನ ಮೇಲೆ ಪ್ರೀತಿ ಇದೆ, ನಂಗೊತ್ತು. ಏಳು ತಿಂಗಳಿಂದ ಎಲ್ಲರೂ ನನ್ನನ್ನ ಕೇಳ್ತಾರೆ, ಯಾರೂ ಉತ್ತರಕ್ಕೆ ಕಾಯಲ್ಲ. ನಾನು ಬರೋದಿಲ್ಲ."

ಅಷ್ಟು ಓದಿ ನಿಲ್ಲಿಸಿದ್ಲು. ಟಕ್, ಟಕ್ ಅಂತ ಬೀದಿಯೆಲ್ಲ ಇನ್ನೊಂದು ಸಾಲು ಹೊಡೀತು. ಅದನ್ನೂ ಓದಿ ಹೇಳಿದ್ಲು.

"ನನ್ನ ಬಲಗೈ ಇರೋದು ಈ ಬೀದೀಲಿ."

ಆಮೇಲೆ ಗ್ಲಾಡಿಸ್ ಹೊರಗೆ ಹೋಗಿ ಡ್ರೈವರ್‌ಗೆ, "ಸಾಮಾನು ಹತ್ತಿಸೋದು ಬೇಡಪ್ಪ" ಅಂದ್ಲು. ಮಿಸ್ ಕಾಲ ಹತ್ರ ಕೂತು, "ಮೊದಲೇ ಹೇಳೋದಲ್ವಾ ಆಂಟಿ!" ಅಂತ ಅತ್ಲು. ಮಿಸ್ಸು "ಹೂಂ" ಅಂದ್ರು. ಅದು ಯಾವ ಹೂಂ ಅಂತ ಆವತ್ತು ಎಲ್ಲರಿಗೂ ಅರ್ಥ ಆಯ್ತು.

ಕಾಗದದ ಕೊನೆಗೆ ತಪ್ಪುಗಳ ಪಟ್ಟಿ ಬಂತು. ಪ್ರತಿ ಪದದ ಹಿಂದೆ ಬಾಲದ ಥರ ಎರಡು ಅಕ್ಷರ ತಡವಾಗಿ ಬಿದ್ದಿತ್ತು. "ಒಂದು ವೃಷಭೇಂದ್ರ. ಕೀಲಿ ನೋಡ್ತಾನೆ. ನಾಲ್ಕನೇ ಸಲವೂ ಫೇಲು." ಇಷ್ಟು ದೊಡ್ಡ ಮಷೀನು ಮಾಡಿದೋನು, ಪಾಪ, ಅದನ್ನ ಓದಿ ಮೂರು ವರ್ಷದ ಮಗು ಥರ ಸಂತೋಷಪಟ್ಟ. "ಇನ್ನೊಂದು ಬಾಲ ಬಳ್ಳಾರಿ ಕಡೇದು." ಅದು ನೀನು ಕಣಮ್ಮ, ನಲವತ್ತೊಂದನೇ ಕೈ. ದೂರ ಇದೆ ಅಂತ ತಡ ಆಗಿರಬಹುದು, ಆದ್ರೆ ಮಿಸ್ಸು ಅದನ್ನೆಲ್ಲ ಒಪ್ಪಲ್ಲ. ಸ್ವಲ್ಪ ಚುರುಕಾಗಿ ಹೊಡಿ.

ಈಗ ಇಲ್ಲಿ ಒಂದು ಕಟ್ಟುಪಾಡಾಗಿದೆ. ದಿನಾ ಬೆಳಗ್ಗೆ ಹತ್ತರಿಂದ ಹನ್ನೊಂದು ಮಿಸ್ಸು ಮಾತಾಡೋ ಹೊತ್ತು. ಏಳು ತಿಂಗಳ ಮಾತು ಬಾಕಿ ಇದೆ, ಮುಗಿಯೋ ಲಕ್ಷಣ ಕಾಣ್ತಿಲ್ಲ. ನೀನೂ ಆ ಹೊತ್ತಲ್ಲಿ ಕಾಫಿ ಲೋಟ ಎಡಗೈಲಿ ಹಿಡಿ.

ಇಡೀ ಬೀದೀಲಿ ಟೈಪಿಂಗ್ ಕಲೀದೇ ಇರೋ ಬಲಗೈ ನಂದೊಂದೇ ಅಂತ ಲೋಲಾಕ್ಷಿ ಕಂಡುಹಿಡಿದಿದ್ದಾಳೆ. ಹಾಗಾಗಿ ಹತ್ತರಿಂದ ಹನ್ನೊಂದು ಗೂಡ್ಸ್ ಶೆಡ್ ರೋಡಿನ ಚಪಾತಿಯೆಲ್ಲ ಲಟ್ಟಿಸೋನು ನಾನೇ. ಇಡ್ತೀನಮ್ಮ, ಪೂಜಾರಪ್ಪನ ಬಲಗೈಗೂ ಪುರುಸೊತ್ತಿಲ್ಲ, ಶನಿದೇವರಿಗೆ ನಾನೇ ಮಂಗಳಾರತಿ ಎತ್ತೋ ಹೊತ್ತಾಯ್ತು.