ಬಿಗಿದ ಪಟ್ಟಿ, ಬಿಗಿಯದ ಬಾಯಿ

ಛಾವಣಿಯ ಮೇಲೆ ಸೊಂಟದೆತ್ತರ ಕೂತಿದ್ದ ಹಿಮವನ್ನು ತೊಕುಜಿ ಸಲಿಕೆಯಿಂದ ಚೌಕ ಚೌಕವಾಗಿ ಕತ್ತರಿಸಿ ಕೆಳಗೆ ತಳ್ಳುತ್ತಿದ್ದ. ಅರ್ಧ ಛಾವಣಿ ಮುಗಿದಿತ್ತು. ಮುಂದಿನ ಚೌಕವನ್ನು ಬಲಗಾಲಿನಿಂದ ಒದ್ದನೋ ಇಲ್ಲವೋ, ಪಾದದ ಮೇಲ್ಭಾಗ ಚುರುಕ್ಕೆಂದಿತು. "ಅಯ್ಯಯ್ಯೋ!" ಎಂದು ಒಂಟಿಗಾಲಲ್ಲಿ ಕುಣಿದ. ಛಾವಣಿ ಕುಣಿಯುವ ಜಾಗವಲ್ಲ. ಹಿಮದ ಚೌಕ, ಸಲಿಕೆ, ಮೇಲಂಗಿಯ ಜೇಬಿನಲ್ಲಿದ್ದ ಕಾಗದ, ಮೂರೂ ಒಟ್ಟಿಗೆ ಹಾರಿ ಪಕ್ಕದ ಮನೆಯ ಉಪ್ಪುಮೂಲಂಗಿ ಪೀಪಾಯಿಯ ಹತ್ತಿರ ಬಿದ್ದವು.

ಪೀಪಾಯಿಯ ಹಿಂದಿನಿಂದ ಮಸುಯೊ ಎದ್ದು ನಿಂತಳು. ತಲೆಯ ಮೇಲೆ ಹಿಮದ ಕಿರೀಟ. ಪಕ್ಕದ ವಸತಿಗೃಹದ ಒಡತಿ ಅವಳು. ತೊಕುಜಿಗೆ ಐವತ್ತು ದಾಟಿದ್ದರೂ ಅವಳ ಬಾಯಲ್ಲಿ ಅವನಿನ್ನೂ ಪುಟ್ಟ ಹುಡುಗರನ್ನು ಕರೆಯುವ ಹಾಗೆ ತೊಕು ಚಾನ್.

"ಏನೋ ತೊಕು ಚಾನ್, ನನ್ನನ್ನೂ ಮೂಲಂಗಿ ಜೊತೆ ಉಪ್ಪಲ್ಲಿ ಹಾಕೋಣ ಅಂತಿದ್ಯಾ?"

"ತಪ್ಪಾಯ್ತು ಅಕ್ಕಾ. ಕಾಲು ನೋವು, ಹಿಡಿತ ತಪ್ಪಿತು."

ಅವಳ ಕಣ್ಣು ಆಗಲೇ ಕಾಗದದ ಮೇಲಿತ್ತು. ಎತ್ತಿಕೊಂಡು, ಹಿಮ ಕೊಡವಿ, ವಿಳಾಸ ಓದಿದಳು.

"ಕುಜುಮಾಕಿ ಕಾರ್ಖಾನೆಗೆ! ಇದಿನ್ನೂ ಅಂಚೆಗೆ ಹಾಕಿಲ್ವಾ? ಹೊಸ ವರ್ಷದ ಅಕ್ಕಿ ಉಂಡೆ ಅರಗಿ ಎಷ್ಟು ಕಾಲ ಆಯ್ತು!"

"ಹಾಕೋಕೆ ಹೊರಟಾಗೆಲ್ಲ ನೀವೇ ಯಾರಾದ್ರೂ ಹಿಡಿದು ಚಹಾ ಕುಡಿಸ್ತೀರಲ್ಲ."

"ಏನಂತ ಬರೆದಿದ್ದೀಯ?"

"ಇರೋದನ್ನೇ. ನೋಯುತ್ತೆ ಅಂತ."

ಮಸುಯೊ ಕಾಗದವನ್ನು ಬಿಸಿ ಬಾಣಲೆ ಮುಟ್ಟಿದವಳ ಹಾಗೆ ಕೈಬಿಟ್ಟಳು.

ವಿಷಯ ಇಷ್ಟೇ. ನಮ್ಮ ಹಿರೊತಾನಿ ಕಣಿವೆಗೆ ಇರುವುದು ಒಂದೇ ಕಾರ್ಖಾನೆ. ಬೂಟನ್ನು ಹಿಮದ ಮೇಲೆ ಜಾರುವ ಹಲಗೆಗೆ ಕಟ್ಟಿಹಿಡಿಯುವ ಪಟ್ಟಿಜೋಡಿ, ಹುಡುಗರು ಬೈಂಡಿಂಗ್ ಎನ್ನುತ್ತಾರಲ್ಲ, ಅದನ್ನು ಮಾಡುವುದು. ಹಲಗೆಯ ಮೇಲೆ ಹಾರಿ ಗಾಳಿಯಲ್ಲಿ ಗಿರ್ರನೆ ತಿರುಗುವವರಿಗೆಂದು ಈ ಚಳಿಗಾಲ ಹೊಸ ಮಾದರಿ ತೆಗೆದಿದ್ದರು. ಹೆಸರು ತ್ಸುಬಾಮೆ, ಬಾನಕ್ಕಿಯ ಹೆಸರು. ಅದನ್ನು ಹಾಕಿಕೊಂಡು ನೋಡಿ ಹೇಗಿದೆ ಎಂದು ಬರೆಯುವ ಕೆಲಸ ತೊಕುಜಿಗೆ ಬಂತು. ಹೊಕ್ಕೈಡೊದ ಬೆಟ್ಟಗಳಲ್ಲಿ ಅರ್ಧ ಆಯುಷ್ಯ ಹಾರಿ, ಹಾರುವುದನ್ನು ಕಲಿಸಿ, ಕಳೆದ ಶರತ್ಕಾಲದಲ್ಲಷ್ಟೇ ಊರಿಗೆ ಮರಳಿದವನು ಅವನು.

ತ್ಸುಬಾಮೆ ಕೆಲಸದಲ್ಲಿ ಬಂಗಾರ. ಹಾರುವಾಗ ಹಗುರ, ತಿರುಗುವಾಗ ಮನಸ್ಸು ಹೇಳುವ ಮೊದಲೇ ಹಲಗೆ ತಿರುಗಿರುತ್ತದೆ, ಇಳಿಯುವಾಗ ಹಿಮ್ಮಡಿಯ ಕೆಳಗಿನ ಮೆತ್ತೆ ಏಟನ್ನೆಲ್ಲ ನುಂಗಿಬಿಡುತ್ತದೆ. ಆದರೆ ಪಾದದ ಮೇಲಿನ ಪಟ್ಟಿ ಮಾತ್ರ ಏಡಿಯ ಹಾಗೆ ಕಚ್ಚಿ ಹಿಡಿಯುತ್ತಿತ್ತು. ತೊಕುಜಿ 'ಹಿತವಾಗಿದೆ' ಎಂದು ಬರೆದರೆ ಆ ಮಾತು ಅವನ ಹೆಸರಿನ ಸಮೇತ ಪೆಟ್ಟಿಗೆಯ ಮೇಲೆ ಅಚ್ಚಾಗುತ್ತಿತ್ತು. ಅವನ ಹೆಸರು ನಂಬಿ ಅವನು ಕಲಿಸಿದ ಹುಡುಗರು ಕೊಂಡು ಕುಂಟಬೇಕಿತ್ತು. ಬೇರೆ ಯಾವ ಸುಳ್ಳು ಬೇಕಾದರೂ ಹೇಳಿಯೇನು, ನನ್ನ ಕಾಲಿನ ವಿಷಯದಲ್ಲಿ ಹೇಳಲಾರೆ ಎಂದು ಅವನು ಹಟ ಹಿಡಿದಿದ್ದ.

ಛಾವಣಿಯಿಂದ ಇಳಿದು ಕಾಗದ ಎತ್ತಿಕೊಳ್ಳುವಷ್ಟರಲ್ಲಿ ಮಸುಯೊ ಊರಿನ ನೆರೆಸಂಘದ ಅಧ್ಯಕ್ಷ ಗೆಂಪಾಚಿ ಅಜ್ಜನನ್ನು ಕರೆತಂದಾಗಿತ್ತು. ಅಜ್ಜ ತೊಕುಜಿಯ ಮನೆಯೊಳಗೇ ಕೂತು, ತೊಕುಜಿಗೇ ಚಹಾ ಬಗ್ಗಿಸಿದ.

"ನೋಡು ತೊಕುಜಿ. ಹಾಕ್ಕೊಂಡು ನೋಡಿದವರೆಲ್ಲ ಚೆನ್ನಾಗಿದೆ ಅಂತ ಬರೆದಿದ್ದಾರೆ. ನೀನೊಬ್ಬ ಯಾಕೆ..." ಎಂದು ಅಜ್ಜ ಕೆಮ್ಮಿದ. ಅರ್ಥಗರ್ಭಿತವಾದ ಕೆಮ್ಮು.

"ಶುಂಠಿ ಹಾಕಿಸಲಾ ಅಜ್ಜಾ?"

ಅಜ್ಜ ಮಸುಯೊಳ ಮುಖ ನೋಡಿದ. ಮಸುಯೊ ಛಾವಣಿ ನೋಡಿದಳು.

"ಚೆನ್ನಾಗಿದೆ ಅಂತ ಒಂದು ಗೆರೆ ಬರೆದ್ರೆ ನಿನ್ನ ಗಂಟೇನು ಹೋಗುತ್ತೋ?" ಎಂದಳು.

"ನನ್ನ ಕಾಲು ಹೋಗುತ್ತೆ ಅಕ್ಕಾ. ಬರೆಯಲ್ಲ. ಚಕ್ರವರ್ತಿ ಮಿಕಾಡೊ ಬಂದು ಹೇಳಿದ್ರೂ ಬರೆಯಲ್ಲ."

"ಒಬ್ಬನ ಕಾಲಿನ ಮಾತು ನಂಬೋಕಾಗಲ್ಲ," ಎಂದು ಅಜ್ಜ ಎದ್ದ. "ತಗೊಂಡು ಬಾ ಹಲಗೇನ. ನಾವೂ ನೋಡ್ತೀವಿ."

ಈ ಗಲಾಟೆಯ ನಡುವೆ ಮಸುಯೊ ಕಾರ್ಖಾನೆಗೆ ಫೋನು ಮಾಡಿ, ಮಾಲೀಕ ಕುಜುಮಾಕಿಯವರನ್ನು ಬಿಸಿ ಊಟಕ್ಕೆಂದು ಕರೆದೂ ಆಗಿತ್ತು. ಎದುರಿಗೇ ನಿಂತ ಮನುಷ್ಯನಿಗೆ ಅವನ ಸರಕು ಚೆನ್ನಾಗಿಲ್ಲ ಎನ್ನುವ ಧೈರ್ಯ ನಮ್ಮ ಕಡೆ ಹುಟ್ಟಿದವರಿಗೆ ಇರುವುದಿಲ್ಲ ಎಂಬುದು ಅವಳ ಲೆಕ್ಕ.

ವಸತಿಗೃಹದ ಹಿಂದಿನ ಇಳಿಜಾರಿನಲ್ಲಿ ತೊಕುಜಿ ಹಲಗೆಯನ್ನಿಟ್ಟ. ಮೇಲೆ ತ್ಸುಬಾಮೆಯ ಜೋಡಿ ಹೊಸ ಮದುಮಗಳಂತೆ ಹೊಳೆಯುತ್ತಿತ್ತು. ಗೆಂಪಾಚಿ ಅಜ್ಜ ಹತ್ತಿರ ಬಂದು, ಅದಕ್ಕೊಂದು ಸಣ್ಣ ನಮಸ್ಕಾರ ಹಾಕಿ, ತನ್ನ ಬೂಟುಗಳನ್ನು ಬಿಚ್ಚಿದ. ಬಿಚ್ಚಿ, ಮನೆಯ ಹೊಸ್ತಿಲಲ್ಲಿ ಬಿಡುವ ಹಾಗೆ ಅವುಗಳ ಮೂತಿ ಹೊರಗೆ ಬರುವಂತೆ ಹಿಮದ ಮೇಲೆ ನೀಟಾಗಿ ಜೋಡಿಸಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ಹಲಗೆ ಹತ್ತಿದ.

"ಅಜ್ಜಾ, ಬೂಟು ಹಾಕ್ಕೊಂಡು ನಿಲ್ಲಬೇಕು!"

"ಹೊಸ ಸಾಮಾನಿನ ಮೇಲೆ ಬೂಟುಗಾಲಾ? ನಿಮ್ಮಮ್ಮ ನಿನ್ನನ್ನ ಹೀಗೇನೋ ಬೆಳೆಸಿದ್ದು?" ಎಂದು ಅಜ್ಜ ಪಟ್ಟಿ ಬಿಗಿದುಕೊಂಡ. "ಆಹಾ! ಇದು ನೋಯುತ್ತೆ ಅಂದ್ಯಾ? ತೊಟ್ಟಿಲಲ್ಲಿ ಇಟ್ಟ ಹಾಗಿದೆಯಲ್ಲೋ."

ಅಷ್ಟರಲ್ಲಿ ತೊಟ್ಟಿಲು ಹೊರಟಿತು. ಅಜ್ಜ ನೆಟ್ಟಗೆ ನಿಂತೇ ಇದ್ದ. ಜಾರುತ್ತಿರುವುದು ತಾನಲ್ಲ, ಬೆಟ್ಟವೇ ಹಿಂದಕ್ಕೆ ಹೋಗುತ್ತಿದೆ ಎನ್ನುವ ಗಾಂಭೀರ್ಯ. ದಾರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಕೆಲಸದಾಕೆಗೆ ತಲೆ ಬಾಗಿಸಿ ವಂದಿಸಿದ. ಆಕೆ ಮರುವಂದನೆ ಮಾಡಿ ತಲೆ ಎತ್ತುವಷ್ಟರಲ್ಲಿ ಅಜ್ಜ ಇರಲಿಲ್ಲ. ಚಳಿಗಾಲಕ್ಕೆಂದು ಎಲೆಕೋಸು ಹೂತಿಟ್ಟಿದ್ದ ಹಿಮದ ಗುಂಡಿಯಲ್ಲಿ ಎದೆಯವರೆಗೆ ಇಳಿದಿದ್ದ. ತೊಕುಜಿ ಕುಂಟುತ್ತ ಓಡಿಹೋಗಿ ನೋಡಿದರೆ, ಒಂದು ಎಲೆಕೋಸನ್ನು ಮೊಮ್ಮಗುವಿನ ಹಾಗೆ ತಬ್ಬಿಕೊಂಡು,

"ಬಹಳ ಹಿತವಾಗಿದೆ," ಎಂದ.

ಅಜ್ಜನನ್ನು ಗುಂಡಿಯಲ್ಲೇ ಬಿಟ್ಟು, ಅವನ ಕಾಲಿನಿಂದ ಹಲಗೆಯನ್ನಷ್ಟೇ ಬಿಡಿಸಿ ತಂದಮೇಲೆ ಮಸುಯೊಳ ಸರದಿಯೂ ಆಯಿತು. ಅವಳೂ ಬೂಟು ಬಿಚ್ಚಿಟ್ಟೇ ನಿಂತಳು. ಜಾರದಂತೆ ಬಟ್ಟೆ ಒಣಹಾಕುವ ಕಂಬವನ್ನು ತಬ್ಬಿಕೊಂಡು, "ಹೂವಿನ ಮೇಲೆ ನಿಂತ ಹಾಗಿದೆ" ಎಂದಳು.

"ಕಾಲುಚೀಲದಲ್ಲಿ ನಿಂತ್ರೆ ಹೂವೇ! ಬೂಟು ಹಾಕ್ಕೊಂಡು ನಿಲ್ಲಿ, ಮುಳ್ಳು ಗೊತ್ತಾಗುತ್ತೆ!" ಎಂದು ತೊಕುಜಿ ಕೂಗುತ್ತಿರುವಾಗಲೇ ಕುಜುಮಾಕಿಯವರ ಕಾರು ಬಂದು ನಿಂತಿತು.

ಕುಜುಮಾಕಿ ಸಣ್ಣ ಆಳು, ಸೌಮ್ಯ. ಕೈಯಲ್ಲಿ ಹುರುಳಿ ಮಿಠಾಯಿಯ ಪೊಟ್ಟಣ. ಎಲ್ಲರಿಗೂ ಒಂದೊಂದು ಸಲ ಬಾಗಿ, ತೊಕುಜಿಗೆ ಎರಡು ಸಲ ಬಾಗಿದರು.

"ತಮ್ಮ ಅಭಿಪ್ರಾಯಕ್ಕೆ ಕಾಯ್ತಾ ಇದ್ದೀವಿ, ತೊಕುಜಿ ಸಾನ್. ಅವಸರವೇನಿಲ್ಲ. ಪೆಟ್ಟಿಗೆ ಮಾತ್ರ ನಾಳೆ ಅಚ್ಚಿಗೆ ಹೋಗುತ್ತೆ."

"ಹಾಗಿದ್ರೆ ತಾವೇ ಒಂದು ಸಲ ಹತ್ತಿ ತೋರಿಸಿ, ಮಾಲೀಕರೇ."

"ಸಂತೋಷವಾಗಿ," ಎಂದು ಕುಜುಮಾಕಿ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಬೂಟುಗಳನ್ನು ಅಜ್ಜನ ಬೂಟಿನ ಪಕ್ಕಕ್ಕೆ, ಮೂತಿ ಹೊರಗೆ ಮಾಡಿ ಜೋಡಿಸಿಟ್ಟರು.

ತೊಕುಜಿ ಆ ಬೂಟುಗಳ ಸಾಲನ್ನು ಬಗ್ಗಿ ನೋಡಿದ.

"ಮಾಲೀಕರೇ... ಕಾರ್ಖಾನೇಲಿ ಈ ಪಟ್ಟಿ ಅಳತೆ ತಗೊಂಡಾಗ ಕಾಲಲ್ಲಿ ಏನಿತ್ತು?"

"ಒಳಗೆ ಹಾಕೋ ಮೆತ್ತನೆ ಚಪ್ಪಲಿ."

"ಬೂಟಲ್ಲ?"

"ಕಾರ್ಖಾನೆ ಒಳಗೆ ಬೂಟಾ?" ಕುಜುಮಾಕಿಯವರಿಗೆ ನಿಜವಾಗಿಯೂ ಗಾಬರಿಯಾಯಿತು. "ಒರೆಸಿದ ನೆಲ ಅಲ್ವೇ ಅದು!"

"ಸಿಕ್ತು!" ತೊಕುಜಿ ಕೂಗಿದ ಕೂಗಿಗೆ ಪೈನ್ ಮರದ ಹಿಮ ಉದುರಿತು. "ಚಪ್ಪಲಿಗೆ ಅಳತೆ ತಗೊಂಡು ಬೂಟಿಗೆ ಕಟ್ಟಿದ್ದೀರಿ! ಕಚ್ಚದೆ ಇನ್ನೇನು ಮಾಡುತ್ತೆ? ನನ್ನ ಕಾಲು ಸುಳ್ಳು ಹೇಳಲಿಲ್ಲ!"

ಕಾಗದವನ್ನು ಮೊಣಕಾಲ ಮೇಲಿಟ್ಟು ಕೊನೆಗೆ ಇದನ್ನೂ ಗೀಚಿದ. ನಾಲಿಗೆಯಿಂದ ಅಂಟು ಒದ್ದೆ ಮಾಡಿ ಮುಚ್ಚಿದ. ಅಂಚೆಪೆಟ್ಟಿಗೆ ಇಳಿಜಾರಿನ ತಳದಲ್ಲಿ, ಬಸ್ಸು ನಿಲ್ಲುವ ಕಡೆ. ನಡೆದುಹೋದರೆ ಇವರು ಮತ್ತೆ ಚಹಾ ಕುಡಿಸುತ್ತಾರೆ. ತೊಕುಜಿ ಬೂಟುಗಾಲಿನಲ್ಲಿಯೇ ಹಲಗೆಯ ಮೇಲೆ ನಿಂತು, ಪಟ್ಟಿಗಳನ್ನು ಕೊನೆಯ ಹಲ್ಲಿಗೆ ಎಳೆದು, ಕಾಗದವನ್ನು ಬಾಯಲ್ಲಿ ಕಚ್ಚಿ ಹೊರಟೇಬಿಟ್ಟ.

"ಹಿಡೀರೋ ಅವನನ್ನ!" ಎಂದು ಅಜ್ಜ ಗುಂಡಿಯಿಂದಲೇ ಕೂಗಿದ. ಹಿಡಿಯುವವರು ಯಾರು? ಹಿಮ ಮುಚ್ಚಿದ್ದ ಮಸುಯೊಳ ಹುರುಳಿಕಾಳಿನ ಪಾತಿಯನ್ನು ಎಡಕ್ಕೆ ಬಿಟ್ಟು ತೊಕುಜಿ ಬಲಕ್ಕೆ ವಾಲಿದ. ಹಲಗೆ ಬೆಣ್ಣೆಯಲ್ಲಿ ಚಾಕು ಇಳಿದಂತೆ ತಿರುಗಿತು. 'ಭಲೇ!' ಎಂದುಕೊಂಡ. ಪಟ್ಟಿ ಕಚ್ಚಿತು. 'ಅಯ್ಯೋ!' ರಸ್ತೆಯಂಚಿನ ಹಿಮದ ಗೋಡೆ ಎದುರಾಯಿತು. ಮೊಣಕಾಲು ಮಡಿಸಿ ಚಿಮ್ಮಿದ. ಗಾಳಿಯಲ್ಲಿ ಅವನಿಗೆ ಐವತ್ತಲ್ಲ, ಇಪ್ಪತ್ತು ವರ್ಷ. ಒಂದು ಪೂರ್ತಿ ಸುತ್ತು ತಿರುಗಿ ಇಳಿದರೆ ಹಿಮ್ಮಡಿಗೆ ಏಟೇ ತಾಗಲಿಲ್ಲ. 'ಭಲೇ ಭಲೇ!' ಪಟ್ಟಿ ಮತ್ತೆ ಕಚ್ಚಿತು. 'ಅಯ್ಯಯ್ಯೋ!' ಕಾಗದ ಬಾಯಲ್ಲಿದ್ದುದರಿಂದ ಹೊಗಳಿಕೆ ಬೈಗುಳ ಎರಡೂ ಒಂದೇ ಥರ, 'ಮ್ಮ್‌ಮ್' ಎಂದೇ ಹೊರಬಂದವು.

ಕೆಂಪು ಪೆಟ್ಟಿಗೆಯ ತಲೆ ಮಾತ್ರ ಹಿಮದ ಮೇಲೆ ಕಾಣುತ್ತಿತ್ತು. ಎರಡೂ ಕೈಯಿಂದ ಗೋರಿ ಬಾಯಿ ಹುಡುಕಿ ಕಾಗದವನ್ನು ಅರ್ಧ ತೂರಿಸುವ ಹೊತ್ತಿಗೆ ಕಾರು ಬಂತು. ಮೂವರೂ ಇಳಿದರು. ಅಜ್ಜನ ಕಂಕುಳಲ್ಲಿ ಎಲೆಕೋಸು ಹಾಗೇ ಇತ್ತು.

"ನಿಲ್ಲಿಸೋ ಮಂಕೇ!"

"ನಿಲ್ಲಿಸಲ್ಲ ಅಜ್ಜಾ! ಕಾರ್ಖಾನೆ ಮರ್ಯಾದೆ ಹೋದ್ರೆ ಹೋಗ್ಲಿ!"

"ಕಾರ್ಖಾನೆ ಮರ್ಯಾದೆ ಯಾರಿಗೆ ಬೇಕಿತ್ತೋ! ನಾವು ಕಾಪಾಡ್ತಾ ಇದ್ದದ್ದು ನಿನ್ನನ್ನ!"

"ನನ್ನನ್ನಾ?"

ಮಸುಯೊ ಮರ್ಯಾದೆ ಬಿಟ್ಟು ಹೇಳಿಯೇಬಿಟ್ಟಳು. "ಅದು ನೋಯುತ್ತೆ ಅಂತ ಇಡೀ ಕಣಿವೆಗೆ ಗೊತ್ತು ಕಣೋ. ನನ್ನ ಅಳಿಯ ಹಾಕ್ಕೊಂಡು ನೋಡಿ ಗೋಡೆ ಹಿಡ್ಕೊಂಡು ನಡೀತಿದ್ದ. ಆದ್ರೆ ಈ ಕಾರ್ಖಾನೇಲಿ ತಪ್ಪು ಅಂತ ಮೊದಲು ಬಾಯಿ ಬಿಟ್ಟವರೇ ಅದನ್ನ ಸರಿ ಮಾಡ್ಬೇಕು. ಸಾರಿಗೆ ಉಪ್ಪು ಜಾಸ್ತಿ ಅಂದ ಗುಮಾಸ್ತ ಇವತ್ತಿಗೂ ಅಲ್ಲಿ ಸಾರು ಕುದಿಸ್ತಿದ್ದಾನೆ. ಗಡಿಯಾರ ಹಿಂದಿದೆ ಅಂದೋಳು ದಿನಾ ಏಣಿ ಹತ್ತುತ್ತಾಳೆ. ಅಜ್ಜ ಅಷ್ಟು ಕೆಮ್ಮಿದ್ರೆ ಶುಂಠಿ ಬೇಕಾ ಅಂತೀಯಲ್ಲ! ಹೊಕ್ಕೈಡೊದಲ್ಲಿ ಮುಖ ನೋಡಿ ಮಾತು ತಿಳ್ಕೊಳ್ಳೋದು ಮರೆತೇಹೋಯ್ತಾ?"

"ಸಾರು ಈಗ ಬಹಳ ಚೆನ್ನಾಗಿದೆ," ಎಂದರು ಕುಜುಮಾಕಿ ಮೆಲ್ಲಗೆ. ಆಮೇಲೆ ಸೊಂಟ ಮುರಿಯುವಷ್ಟು ಬಾಗಿದರು. "ತೊಕುಜಿ ಸಾನ್, ಇಷ್ಟು ಖಚಿತವಾಗಿ ತಪ್ಪು ಹಿಡಿದವರು ತಾವೊಬ್ಬರೇ. ಹಿತ ಸುಧಾರಣಾ ಸಮಿತಿಗೆ ತಾವೇ ಮುಖ್ಯಸ್ಥರು. ಗೌರವ ಹುದ್ದೆ. ಬೆಳಿಗ್ಗೆ ಬೇಗ ಬರಬೇಕಾಗುತ್ತೆ."

"ಎಷ್ಟು ದಿನ?"

"ಹಿತವಾಗೋವರೆಗೆ."

"ಬೂಟು ಹಾಕ್ಕೊಂಡು ತಾನೇ ನೋಡೋದು?"

ಕುಜುಮಾಕಿಯವರ ಮುಖದಲ್ಲಿ ನೋವು ಕಾಣಿಸಿತು. "ಬೂಟು ಬಾಗಿಲ ಹೊರಗೆ. ನೆಲದ ನಿಯಮ ಮಾತ್ರ ಬದಲಾಯಿಸೋಕೆ ಆಗಲ್ಲ." ಅವರು ಬೆಟ್ಟದ ಕಡೆ ತಿರುಗಿ, ಅದನ್ನು ಇವತ್ತೇ ಮೊದಲು ನೋಡುತ್ತಿರುವವರಂತೆ ನಿಂತರು. "ಕಾಗದ ನನ್ನ ಮೇಜಿಗೆ ಬಂದರೆ ಈ ಮಾತೆಲ್ಲ. ಹಿಮದಲ್ಲಿ ಆಡಿದ್ದು ನನಗೆ ಸರಿಯಾಗಿ ಕೇಳಿಸಲ್ಲ."

"ಎಳ್ಕೊಳೋ," ಎಂದು ಮಸುಯೊ ಪಿಸುಗುಟ್ಟಿದಳು. "ಇನ್ನೂ ಅರ್ಧ ಹೊರಗಿದೆ."

"ಎಳ್ಕೊ," ಎಂದು ಅಜ್ಜ ಕೆಮ್ಮಿದ. ಈ ಸಲದ ಕೆಮ್ಮು ತೊಕುಜಿಗೆ ಚೆನ್ನಾಗಿ ಅರ್ಥವಾಯಿತು.

ಹೊಸ ಹಿಮ ಬೀಳತೊಡಗಿತ್ತು. ನಾಳೆ ಬೆಳಿಗ್ಗೆ ಬೆಟ್ಟದ ಮೇಲೆ ಯಾರೂ ತುಳಿಯದ ಹಾಸು ಇರುತ್ತದೆ. ಅದರ ಮೇಲೆ ಮೊದಲ ಗೆರೆ ಎಳೆಯುವುದಕ್ಕೇ ಅವನು ಊರಿಗೆ ಬಂದದ್ದು. ಆ ಹೊತ್ತಿಗೆ ತಾನು ಕಾರ್ಖಾನೆಯ ಬಾಗಿಲಲ್ಲಿ ಬೂಟು ಬಿಚ್ಚುತ್ತಿರುತ್ತೇನೆ. ನಾಳೆ, ನಾಡಿದ್ದು, ಮುಂದಿನ ಚಳಿಗಾಲ, ಅದರಾಚೆಯದೂ. ತೊಕುಜಿ ಕಾಗದದ ತುದಿಯನ್ನು ಹಿಡಿದುಕೊಂಡೇ ನಿಂತ. ಒಂದು ಗೆರೆ ಸುಳ್ಳು ಬರೆದರೆ ಬೆಟ್ಟ ಪೂರ್ತಿ ಅವನದು.

ಪಟ್ಟಿ ಇನ್ನೊಮ್ಮೆ ಕಚ್ಚಿತು.

"ಮಾಲೀಕರೇ, ಇತ್ತ ತಿರುಗಿ," ಎಂದ ತೊಕುಜಿ. "ಚೆನ್ನಾಗಿ ಕೇಳಿಸಿಕೊಳ್ಳಿ. ಇದು ನೋಯುತ್ತೆ! ನಾಳೆ ನೀವು ನನ್ನ ಕೈಲಿ ಸಾರು ಕುದಿಸಿದ್ರೂ, ಏಣಿ ಹತ್ತಿಸಿದ್ರೂ, ನಿಮ್ಮ ನೆಲ ಒರೆಸಿಸಿದ್ರೂ, ಇದು ನೋಯುತ್ತೆ!"

ಅಂಗೈಯಿಂದ ಒಂದು ಗುದ್ದು ಕೊಟ್ಟ. ಕಾಗದ ಪೆಟ್ಟಿಗೆಯೊಳಕ್ಕೆ ಬಿತ್ತು.